ಎರಡು ಕಡ್ಡಿ, ಒಂದು ಉಂಡೆ ಉಣ್ಣೆ

ಯುವಮಿತ್ರರೇ, ದೆಹಲಿಗೆ ಬಂದ ಮೊದಲ ಚಳಿಗಾಲದಲ್ಲೇ ನಿಮ್ಮ ಅಜ್ಜಿಯೋ ಅಮ್ಮನೋ ನೆರೆಮನೆಯ ಪಂಜಾಬಿ ಹೆಂಗಸರೊಡನೆ ಬಿಸಿಲಿಗೆ ಕುಳಿತು 'ಸೀದಾ-ಉಲ್ಟಾ' ಕಲಿತಿರಬೇಕು. ಕೇಳಿ ನೋಡಿ. 1962ರ ಯುದ್ಧದ ಚಳಿಗಾಲದಲ್ಲಿ ಎಷ್ಟೋ ಊರುಗಳ ಹೆಂಗಸರು ಜವಾನರಿಗೆ ಸ್ವೆಟರ್ ಹೆಣೆದು ಕಳಿಸಿದ್ದೂ ಇದೇ ವಿದ್ಯೆಯಿಂದ.

ಅಂಗಡಿಯಲ್ಲಿ ಸಿಗುವಾಗ ಇದೇಕೆ ಎನ್ನುವಿರಾ? ಕರೆಂಟು ಹೋಗಿ ಹೀಟರ್ ಆರಿದ ರಾತ್ರಿಯನ್ನು ನೆನೆಯಿರಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಂಗೀಠಿ ಇಟ್ಟು ಮಲಗಿದವರು ಬೆಳಗ್ಗೆ ಏಳದೇ ಹೋದ ಸುದ್ದಿಯನ್ನು ಚಳಿಗಾಲದಲ್ಲಿ ಓದುತ್ತಲೇ ಇರುತ್ತೇವೆ. ಉಣ್ಣೆಗೆ ಆ ಅಪಾಯವಿಲ್ಲ. ಎಳೆಗಳ ನಡುವೆ ಸಿಕ್ಕಿದ ಗಾಳಿಯೇ ಮೈಯನ್ನು ಬೆಚ್ಚಗಿಡುತ್ತದೆ; ತುಸು ತೇವವಾದರೂ ಹತ್ತಿಯಂತೆ ಕೈಕೊಡುವುದಿಲ್ಲ. ಅಕ್ರಿಲಿಕ್ ಅಗ್ಗ, ನಿಜ. ಆದರೆ ಬೆಂಕಿ ತಗುಲಿದರೆ ಕರಗಿ ಮೈಗಂಟುತ್ತದೆ.

ಹೊಸ ಉಣ್ಣೆಯೇ ಬೇಕೆಂದಿಲ್ಲ. ಅಪ್ಪನ ಹಳೆಯ ಸ್ವೆಟರ್ ಬಿಚ್ಚಿ, ನೂಲನ್ನು ಲಡಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ನೇತುಹಾಕಿ, ಸುರುಳಿ ನೆಟ್ಟಗಾಗುತ್ತದೆ. ಮೊದಲು ಮಫ್ಲರ್ ಹೆಣೆಯಿರಿ. ಬರೀ 'ಸೀದಾ' ಸಾಕು, ಅಂಚು ಮಡಚಿಕೊಳ್ಳುವುದಿಲ್ಲ. ಕುಣಿಕೆ ಜಾರಿದರೆ ಗಾಬರಿ ಬೇಡ, ಕ್ರೋಶೆ ಕಡ್ಡಿಯಿಂದ ಮೇಲೆತ್ತಿ. (ಪುಟ ತಿರುವುತ್ತಿರುವ ಹುಡುಗರೇ, ನಿಮಗೂ ಹೇಳುತ್ತಿದ್ದೇನೆ!)

ಈ ಭಾನುವಾರ ಅಮ್ಮನ ಟ್ರಂಕಿನಲ್ಲಿ 8ನೇ ನಂಬರಿನ ಕಡ್ಡಿ ಇದೆಯೇ ಹುಡುಕಿ. ಸಿಕ್ಕರೆ 40 ಕುಣಿಕೆ ಹಾಕಿ ಶುರುಮಾಡಿ.