ಮುಂಗಡಪತ್ರ ಅನುತ್ತೀರ್ಣವಾದರೆ ಶಿಕ್ಷೆ ಯಾರಿಗೆ?

2025ರ ಅಕ್ಟೋಬರ್ ಕೊನೆಯಲ್ಲಿ, ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಮಕ್ಕಳಿಗೆ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯ ತೋರಿಸಲು ಹೋದರೆ ಬಾಗಿಲಿಗೆ ಬೀಗ. ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಹಣ ಮಂಜೂರು ಮಾಡದ ಕಾರಣ ಸರ್ಕಾರದ ಬಹುಭಾಗ ಸ್ಥಗಿತಗೊಂಡಿತ್ತು. “ಮೇಷ್ಟ್ರೇ, ಪೌರನೀತಿಯ ಪಾಠದಲ್ಲಿ ನೀವು ಇದನ್ನು ಹೇಳಲೇ ಇಲ್ಲ” ಎಂದು ನಕ್ಕ. ಹೌದು, ಹೇಳಿರಲಿಲ್ಲ. ಆ ಬಾಕಿಯನ್ನು ಈಗ ತೀರಿಸುತ್ತೇನೆ.

ಅಕ್ಟೋಬರ್ 1ರಂದು ಆರಂಭವಾದ ಆ ಸ್ಥಗಿತ 43 ದಿನ ನಡೆಯಿತು. 2018-19ರಲ್ಲಿ 35 ದಿನ ನಡೆದಾಗ ಸುಮಾರು 8 ಲಕ್ಷ ನೌಕರರು ತೊಂದರೆಗೊಳಗಾಗಿದ್ದರು. ವಿಮಾನ ಸಂಚಾರ ನಿಯಂತ್ರಕರಂಥವರು ಸಂಬಳವಿಲ್ಲದೆಯೇ ದುಡಿಯಬೇಕಾಯಿತು. ಬಾಕಿ ಸಂಬಳ ಅನಂತರ ಕೈಸೇರಿತು, ನಿಜ. ಆದರೆ ಮನೆಯ ಬಾಡಿಗೆ ಅಷ್ಟು ದಿನ ಕಾಯುವುದೇ? (ಸಂಬಳ ತಡವಾದ ತಿಂಗಳಲ್ಲಿ ಕಿರಾಣಿ ಅಂಗಡಿಯ ಮುಂದೆ ತಲೆ ತಗ್ಗಿಸಿ ನಡೆದ ಅನುಭವ ನನ್ನ ಪೀಳಿಗೆಯ ಉಪಾಧ್ಯಾಯರಿಗೆ ಹೊಸದಲ್ಲ.) ಒಮ್ಮತಕ್ಕೆ ಬಾರದೆ ಈ ಸ್ಥಿತಿಯನ್ನು ತಂದಿಟ್ಟ ಕಾಂಗ್ರೆಸ್ ಸದಸ್ಯರ ವೇತನ ಮಾತ್ರ ನಿಲ್ಲಲಿಲ್ಲ.

ಇದು ಆ ದೇಶದ ಪುರಾತನ ಸಂಪ್ರದಾಯವೂ ಅಲ್ಲ. ಮಂಜೂರಾತಿಯಿಲ್ಲದೆ ಖರ್ಚು ಮಾಡಬಾರದೆಂಬ ಕಾನೂನು ಹತ್ತೊಂಬತ್ತನೆಯ ಶತಮಾನದ್ದು; ಆದರೂ ಕಚೇರಿಗಳು ಹೇಗೋ ನಡೆಯುತ್ತಿದ್ದವು. 1980ರಲ್ಲಿ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ ಅವರು ಅಂಥ ಸಂದರ್ಭದಲ್ಲಿ ಕೆಲಸ ನಿಲ್ಲಿಸಲೇಬೇಕೆಂದು ಅಭಿಪ್ರಾಯವಿತ್ತ ಮೇಲೆ ಬೀಗ ಬೀಳತೊಡಗಿತು.

ನಮ್ಮ ಸಂವಿಧಾನವೇನೂ ಇದಕ್ಕಿಂತ ಸಡಿಲವಲ್ಲ. 114ನೆಯ ವಿಧಿಯಂತೆ ಶಾಸನದ ಒಪ್ಪಿಗೆಯಿಲ್ಲದೆ ಸಂಚಿತ ನಿಧಿಯಿಂದ ಒಂದು ಪೈಸೆಯನ್ನೂ ತೆಗೆಯಲಾಗದು. ಆದರೆ ಚರ್ಚೆ ಮುಗಿಯುವವರೆಗಿನ ಖರ್ಚಿಗೆ 116ನೆಯ ವಿಧಿಯಲ್ಲಿ ಲೇಖಾನುದಾನವಿದೆ. ರಾಜ್ಯಸಭೆ ಹಣಕಾಸು ಮಸೂದೆಯನ್ನು 14 ದಿನಗಳಿಗಿಂತ ಹೆಚ್ಚು ತಡೆಯಲಾಗದು. ಲೋಕಸಭೆಯೇ ತಿರಸ್ಕರಿಸಿದರೆ ಮಂತ್ರಿಮಂಡಲ ವಿಶ್ವಾಸ ಕಳೆದುಕೊಂಡಂತೆ, ರಾಜೀನಾಮೆ ಕೊಡಬೇಕು. ಅನುತ್ತೀರ್ಣನಾದವನಿಗೇ ಶಿಕ್ಷೆ. ಇದೇ ನ್ಯಾಯವೆಂದು ನನ್ನ ದೃಢವಾದ ಅಭಿಪ್ರಾಯ.

ಮೇಲ್ಮನೆಗೆ ತಡೆಯುವ ಅಧಿಕಾರವಿದ್ದ ಆಸ್ಟ್ರೇಲಿಯಾದಲ್ಲಿ 1975ರಲ್ಲಿ ಸೆನೆಟ್ ಹಣವನ್ನು ಮಂಜೂರು ಮಾಡದೆ ಹಿಡಿದಿಟ್ಟಿತು. ನವೆಂಬರ್ 11ರಂದು ಗವರ್ನರ್ ಜನರಲ್ ಜಾನ್ ಕೆರ್ ಪ್ರಧಾನಿ ಗಾಫ್ ವಿಟ್ಲಮ್ ಅವರನ್ನೇ ವಜಾ ಮಾಡಿದರು. ಅದು ಸರಿಯೋ ತಪ್ಪೋ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಆದರೆ ಹಣ ಮುಗಿಯುವ ಮೊದಲೇ ವಿಷಯ ಚುನಾವಣೆಗೆ ಹೋಯಿತು. ಪದವಿ ಹೋದದ್ದು ಪ್ರಧಾನಿಯದು, ಗುಮಾಸ್ತನ ಸಂಬಳವಲ್ಲ.

ಇನ್ನು ಜರ್ಮನಿಯಲ್ಲಿ ಹೊಸ ಮುಂಗಡಪತ್ರ ತಡವಾದರೆ ಅಗತ್ಯ ವೆಚ್ಚಗಳು ಮುಂದುವರಿಯುತ್ತವೆ. ಸ್ಪೇನಿನಲ್ಲಿ ಹಳೆಯದೇ ತಾನಾಗಿ ಮುಂದುವರಿಯುತ್ತದೆ. ಕೇಳಲು ಸೊಗಸು. ಆದರೆ ಅಲ್ಲಿ 2023ಕ್ಕೆಂದು ರಚಿಸಿದ ಪತ್ರವೇ 2024ರಲ್ಲೂ 2025ರಲ್ಲೂ ನಡೆಯಿತು. ಅನುತ್ತೀರ್ಣನಾದರೂ ಮುಂದಿನ ತರಗತಿಗೆ ಕಳಿಸಿದರೆ ಯಾವ ಹುಡುಗ ಓದುತ್ತಾನೆ?

ನಮ್ಮ ಪದ್ಧತಿಯನ್ನು ಇಷ್ಟು ಹೊಗಳಿದ ಮೇಲೆ ಒಂದು ಮಾತು ಗಂಟಲಲ್ಲಿ ಉಳಿಯುತ್ತದೆ. 2018ರ ಮಾರ್ಚ್ 14ರಂದು ಲೋಕಸಭೆ, ಗದ್ದಲದ ನಡುವೆ, ಇಡೀ ದೇಶದ ಮುಂಗಡಪತ್ರವನ್ನು ಚರ್ಚೆಯೇ ಇಲ್ಲದೆ ಸುಮಾರು ಅರ್ಧ ಗಂಟೆಯಲ್ಲಿ ಅಂಗೀಕರಿಸಿತು. ನನ್ನ ತರಗತಿಯ ಒಂದು ಪಾಠದ ಅವಧಿ ಅದಕ್ಕಿಂತ ದೀರ್ಘವಾಗಿತ್ತು. ಆ ದಿನ ದೂರವಾಣಿಯಲ್ಲಿ ಈ ಸಂಗತಿಯನ್ನು ನನ್ನ ವಿದ್ಯಾರ್ಥಿಗೆ ಹೇಳಲು ಮನಸ್ಸಾಗಲಿಲ್ಲ.