ಪೆಡಲ್ಲಿಗೆ ಬೂಟು ಬೇಕು, ಬಿಗಿ ಬೇಡ

ನಾವಿರೋ ಇಂಗ್ಲೆಂಡಿನ ಈ ಊರಲ್ಲಿ ಪಕ್ಕದ ಮನೆ ತಾತನ ಹತ್ತಿರ 1952ರ ಎಂಜಿ ಟಿಡಿ ಕಾರಿದೆ. ಆಬಿಂಗ್ಡನ್ ಕಾರ್ಖಾನೆಯದು. ಇದರ ಕ್ಲಚ್, ಬ್ರೇಕ್ ಪೆಡಲ್‌ಗಳು ಈಗಿನ ಕಾರುಗಳ ಹಾಗೆ ಮೇಲಿಂದ ನೇತಾಡೋಲ್ಲ. ಮರದ ಹಲಗೆಯ ನೆಲ ತೂರಿಕೊಂಡು ಕೆಳಗಿಂದ ಬರುತ್ತವೆ. ಆ ಸಂದಿಯಲ್ಲಿ ಮಳೆನೀರು, ಇಂಜಿನ್ನಿನ ಬಿಸಿಗಾಳಿ, ಹೊಗೆ ಎಲ್ಲ ಕಾಲಬುಡಕ್ಕೇ! ಅದನ್ನು ಮುಚ್ಚೋಕೆ ರಬ್ಬರ್ ಬೂಟು. ಗೇರ್ ಲಿವರಿನ ಬುಡದಲ್ಲಿ ಇರುತ್ತಲ್ಲ, ಅದರ ತಮ್ಮ.

ಹೋದ ತಿಂಗಳು ಇಬ್ಬರೂ ಸೇರಿ ಹೊಸದು ಹಾಕಿದೆವು. ತಾತ ಆರಿಸಿದ್ದು ದಪ್ಪನೆಯದು, ಬಾಳಿಕೆ ಬರುತ್ತೆ ಅಂತ. ಎರಡು ಮೈಲಿ ಹೋಗೋದರಲ್ಲಿ ಗಾಡಿ ಮುಂದಕ್ಕೇ ಹೋಗ್ತಿಲ್ಲ, ಬ್ರೇಕ್ ಡ್ರಮ್ಮು ಕೆಂಡ! ಆಗಿದ್ದಿಷ್ಟೆ.. ಬೂಟು ಪೆಡಲನ್ನು ಚೂರೇ ಚೂರು ಕೆಳಗೆ ಹಿಡಿದಿತ್ತು. ಪೆಡಲ್ ಪೂರ್ತಿ ವಾಪಸ್ ಬರದಿದ್ರೆ ಮಾಸ್ಟರ್ ಸಿಲಿಂಡರಿನೊಳಗಿನ ಸಣ್ಣ ತೂತು ತೆರೆಯೋಲ್ಲ. ಒತ್ತಡ ಹಾಗೇ ಉಳಿದು ಬ್ರೇಕ್ ಹಿಡಿದೇ ಇರುತ್ತೆ. ಬಿಸಿಯಾದಷ್ಟೂ ಬ್ರೇಕ್ ಎಣ್ಣೆ ಹಿಗ್ಗಿ ಇನ್ನಷ್ಟು ಬಿಗಿ. ಕ್ಲಚ್ಚಿನದೂ ಇದೇ ಕತೆ, ಅಲ್ಲಿ ಸವೆಯೋದು ಕಾರ್ಬನ್ ಬೇರಿಂಗು.

ನಾನಂತೂ ತೆಳ್ಳಗಿನ, ಮೆತ್ತನೆ ರಬ್ಬರಿನ ಪಕ್ಷ. ನಾಲ್ಕು ವರ್ಷಕ್ಕೆ ಹರಿದ್ರೆ ಹರೀಲಿ, ಇನ್ನೊಂದು ಹಾಕಿದ್ರಾಯ್ತು. ಸ್ಕ್ರೂ ಬಿಗಿಯೋ ಮುಂಚೆ ಕೈಯಲ್ಲೇ ಪೆಡಲ್ ಒತ್ತಿ ಬಿಟ್ಟು ನೋಡಿ. ಪೂರ್ತಿ ಮೇಲೆ ಬಂದಾಗಲೂ ರಬ್ಬರ್ ಸ್ವಲ್ಪ ಸಡಿಲ ಇರಬೇಕು.

ತಾತ ಮಾತ್ರ ಇನ್ನೂ ನಂಬಿಲ್ಲ. ದಪ್ಪ ಬೂಟುಗಳನ್ನು ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾರೆ :)