ಮುರಿದ ಕ್ಲಚ್ಚು, ಜೇಬಿನಲ್ಲಿ ಬೀಗದ ಕೈ

ಆಯುಧಪೂಜೆಗೆಂದು ಅಟ್ಟದ ಮೇಲಿನ ಹತಾರದ ಡಬ್ಬಿ ಇಳಿಸಿದ್ದೆವು. ತುಕ್ಕು ಹಿಡಿದ ಸ್ಪ್ಯಾನರು, ಇಕ್ಕಳಗಳ ನಡುವೆ ಒಂದು ಅಲ್ಯೂಮಿನಿಯಂ ತುಂಡು ಸಿಕ್ಕಿತು. ಒಂದು ತುದಿಯಲ್ಲಿ ಗೋಲಿಯಂಥ ಗುಂಡು, ಇನ್ನೊಂದು ತುದಿ ಮುರಿದದ್ದು. “ತಾತ, ಇದನ್ಯಾಕೆ ಇಟ್ಕೊಂಡಿದ್ದೀಯ? ಗುಜರಿಗೆ ಹಾಕೋಣ” ಅಂದ ಏಳನೇ ಕ್ಲಾಸಿನ ಮೊಮ್ಮಗ. ಅದು ಕ್ಲಚ್ಚಿನ ಹಿಡಿ ಕಣೋ ಅಂದೆ. ಕಥೆ ಹೇಳುವವರೆಗೂ ಬಿಡಲಿಲ್ಲ.

1984ರ ಮಾತು. ಆಗ ನಾನು ಅರಸೀಕೆರೆಯಲ್ಲಿ ಮನೆ ಮಾಡಿಕೊಂಡು, ಹದಿನೆಂಟು ಕಿಲೋಮೀಟರ್ ದೂರದ ಹಳ್ಳಿಯ ಬ್ಯಾಂಕ್ ಶಾಖೆಯಲ್ಲಿ ಕ್ಯಾಷಿಯರ್ ಆಗಿದ್ದೆ. ಸೆಕೆಂಡ್ ಹ್ಯಾಂಡ್ ಜಾವಾ ಕೊಂಡು ಎರಡು ತಿಂಗಳಾಗಿತ್ತು. ಜೆಕೊಸ್ಲೊವಾಕಿಯಾ ಮೂಲದ ಆ ಬೈಕು 1961ರಿಂದ ನಮ್ಮ ಮೈಸೂರಿನ ಯಾದವಗಿರಿಯಲ್ಲೇ ತಯಾರಾಗುತ್ತಿತ್ತು ಎಂದು ಮೊಮ್ಮಗನಿಗೆ ಹೇಳಿದರೆ ಅವನು ನಂಬಲೊಲ್ಲ. ನನ್ನ ವಯಸ್ಸಿನವರಿಗೆ ಹೇಳಬೇಕಿಲ್ಲ. ಆ ಡುಗುಡುಗು ಸದ್ದು ಕಿವಿಯಲ್ಲೇ ಇರುತ್ತದೆ.

ಬ್ಯಾಂಕಿನ ತಿಜೋರಿಗೆ ಎರಡು ಬೀಗದ ಕೈ. ಒಂದು ಮ್ಯಾನೇಜರ್ ಹತ್ತಿರ, ಇನ್ನೊಂದು ಕ್ಯಾಷಿಯರ್ ಹತ್ತಿರ. ಇಬ್ಬರೂ ಬಾರದೆ ಒಂದು ರೂಪಾಯಿಯೂ ಹೊರಗೆ ಬರದು. ಅವತ್ತು ಒಂದನೇ ತಾರೀಖು, ಪಿಂಚಣಿ ದಿನ. ಬೆಳಗಿನ ಮೊದಲ ಬಸ್ಸಿಗೇ ಮುದುಕರು ಬಂದು ಬ್ಯಾಂಕಿನ ಜಗಲಿಯಲ್ಲಿ ಕೂತಿರುತ್ತಾರೆ. ಅವರಲ್ಲೊಬ್ಬರು ರಿಟೈರಾದ ಮೇಷ್ಟರು. ಹೆಂಡತಿಯ ಔಷಧಿ ಮುಗಿದಿದೆ, ದುಡ್ಡು ತೆಗೆದುಕೊಂಡು ಹನ್ನೊಂದರ ಬಸ್ಸಿಗೆ ಪೇಟೆಗೆ ಹೋಗಬೇಕು ಎಂದು ಹಿಂದಿನ ದಿನವೇ ಹೇಳಿ ಹೋಗಿದ್ದರು. ಬೀಗದ ಕೈ ನನ್ನ ಜೇಬಿನಲ್ಲಿ.

ರಾತ್ರಿ ಮಳೆಯಾಗಿತ್ತು. ಕೆಮ್ಮಣ್ಣಿನ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು, ನಾನೂ ಬೈಕೂ ಎಡಕ್ಕೆ ಮಲಗಿದೆವು. ನನಗೆ ಮೊಣಕೈ ತರಚಿತು. ಬೈಕಿಗೆ ಕ್ಲಚ್ ಹಿಡಿ ಬಗ್ಗಿತು, ಅಷ್ಟೇ. ಬಗ್ಗಿದರೂ ಓಡಿಸಬಹುದಿತ್ತು. ನೇರ ಮಾಡೋಣವೆಂದು ಎಳೆದೆ, ಪಟ್ಟನೆ ಬುಡದಲ್ಲೇ ಮುರಿಯಿತು. ಅಲ್ಯೂಮಿನಿಯಂ ಎರಕ ಒಮ್ಮೆ ಬಗ್ಗೀತು, ಮತ್ತೆ ನೇರವಾಗಲು ಒಪ್ಪುವುದಿಲ್ಲ. ಬಿ.ಕಾಂ.ನಲ್ಲಿ ಇದನ್ನೆಲ್ಲ ಎಲ್ಲಿ ಹೇಳಿಕೊಡುತ್ತಾರೆ!

ಮಕ್ಕಳೇ, ಕ್ಲಚ್ ಅಂದರೆ ಏನು ಗೊತ್ತೇ? ಎರಡು ಊಟದ ತಟ್ಟೆಗಳನ್ನು ಒಂದಕ್ಕೊಂದು ಒತ್ತಿ ಹಿಡಿಯಿರಿ. ಒಂದನ್ನು ತಿರುಗಿಸಿದರೆ ಇನ್ನೊಂದೂ ತಿರುಗುತ್ತದೆ. ಒತ್ತುವುದನ್ನು ಬಿಟ್ಟರೆ ಒಂದೇ ತಿರುಗುತ್ತದೆ. ಬೈಕಿನೊಳಗೆ ಇಂಥ ತಟ್ಟೆಗಳನ್ನು ಸ್ಪ್ರಿಂಗುಗಳು ಒತ್ತಿ ಹಿಡಿದಿರುತ್ತವೆ. ಒಂದು ಕಡೆ ಎಂಜಿನ್, ಇನ್ನೊಂದು ಕಡೆ ಗೇರು, ಚೈನು, ಚಕ್ರ. ನಾವು ಹಿಡಿ ಎಳೆದಾಗ ತಟ್ಟೆಗಳು ಬಿಡಿಯಾಗುತ್ತವೆ, ಮೆಲ್ಲಗೆ ಬಿಟ್ಟಾಗ ಮೆಲ್ಲಗೆ ಅಂಟಿಕೊಳ್ಳುತ್ತವೆ.

ಹಿಡಿ ಮುರಿದರೆ ಎಂಜಿನ್ ಶುರು ಮಾಡುವುದಕ್ಕೇನೂ ಕಷ್ಟವಿಲ್ಲ. ನ್ಯೂಟ್ರಲ್‌ನಲ್ಲಿಟ್ಟು ಒದ್ದೆ, ಶುರುವಾಯಿತು. ಕಷ್ಟವಿರುವುದು ಆಮೇಲೆ. ಎಂಜಿನ್ ಓಡುತ್ತಿದೆ, ಚಕ್ರ ನಿಂತಿದೆ. ಹಾಗೇ ಗೇರು ಹಾಕಿದರೆ ಬೈಕು ನೆಗೆಯುತ್ತದೆ, ಇಲ್ಲವೇ ಗಕ್ಕನೆ ನಿಲ್ಲುತ್ತದೆ. ಯೋಚಿಸಿದೆ. ನಿಂತ ಚಕ್ರವನ್ನು ಮೊದಲು ನಾನೇ ಉರುಳಿಸಿದರೆ? ಓಡುವ ಬಸ್ಸಿಗೆ ಜೊತೆಗೆ ಓಡಿ ಹತ್ತುವುದಿಲ್ಲವೇ, ಹಾಗೆ. ಎಂಜಿನ್ ಸಣ್ಣಗೆ ಓಡಲು ಬಿಟ್ಟು, 130 ಕಿಲೋ ಹತ್ತಿರದ ಬೈಕನ್ನು ತಳ್ಳುತ್ತಾ ಓಡಿ, ಹಾರಿ ಕೂತು, ಒಂದನೇ ಗೇರು ಹಾಕಿದೆ. ಜಗ್ಗಿ ಬೀಳಿಸುತ್ತದೆಂದು ಹಲ್ಲು ಕಚ್ಚಿದ್ದೆ. ಹೆಚ್ಚೇನೂ ಜಗ್ಗಲಿಲ್ಲ! ಮುಂದಿನ ಗೇರುಗಳಿಗೆ ಆಕ್ಸಿಲೇಟರ್ ಕ್ಷಣ ಬಿಟ್ಟು, ಎಂಜಿನ್ನಿನ ಎಳೆತ ಸಡಿಲವಾದಾಗ ಪೆಡಲ್ ಮುಟ್ಟಿದರೆ ಬೆಣ್ಣೆಯಂತೆ ಬೀಳುತ್ತಿದ್ದವು. ಎಲಾ ನನ್ನ ಜಾಣತನವೇ ಎಂದು ಬೀಗುತ್ತಾ ಹೋದೆ.

ಬೀಗಿದ್ದು ರೈಲ್ವೆ ಗೇಟಿನವರೆಗೆ. ಗೇಟು ಹಾಕಿತ್ತು. ನಿಲ್ಲುವ ಮೊದಲೇ ನ್ಯೂಟ್ರಲ್ ಮಾಡಿಕೊಂಡೆ, ಅದೊಂದು ಪುಣ್ಯ. ಗೂಡ್ಸ್ ಗಾಡಿ. ಅದರ ಡಬ್ಬಿಗಳನ್ನು ಎಣಿಸುವುದು ಮಕ್ಕಳಿಗೆ ಖುಷಿ. ನಾನು ಎಣಿಸುತ್ತಿದ್ದದ್ದು ನಿಮಿಷ. ಹತ್ತು ಗಂಟೆ ಹೊಡೆದಾಗಿತ್ತು. ಗೇಟು ತೆಗೆದರೂ ಹಳಿಯವರೆಗೆ ಏರು, ತಳ್ಳಿಕೊಂಡು ಓಡುವ ಮಾತೇ ಇಲ್ಲ. ಶಾಲೆಗೆ ಹೋಗುತ್ತಿದ್ದ ಇಬ್ಬರು ಹುಡುಗರು ಪಾಟಿಚೀಲ ಹಿಂದಕ್ಕೆ ಸರಿಸಿಕೊಂಡು ಕೈ ಕೊಟ್ಟರು. ಮೂವರೂ ಏದುಸಿರು ಬಿಡುತ್ತಾ ಹಳಿ ದಾಟಿಸಿದೆವು. ಆಚೆಗೆ ಇಳಿಜಾರು. ಕೂತೆ, ತಾನೇ ಉರುಳಿತು, ಗೇರು ಬಿತ್ತು. ತಿರುಗಿ ನೋಡಿ ಥ್ಯಾಂಕ್ಸ್ ಹೇಳಲೂ ಆಗಲಿಲ್ಲ. ನಿಂತರೆ ಮತ್ತೆ ತಳ್ಳಬೇಕಲ್ಲ! ಆ ಹುಡುಗರಿಗೂ ಈಗ ಐವತ್ತು ದಾಟಿರಬೇಕು.

ಬ್ಯಾಂಕು ಮುಟ್ಟಿದಾಗ ಹತ್ತು ಮೂವತ್ತೈದು. ಮ್ಯಾನೇಜರು ಗಡಿಯಾರ ನೋಡಿದರು, ನನ್ನ ಕೆಂಪು ಮಣ್ಣಿನ ಪ್ಯಾಂಟು ನೋಡಿದರು, ಏನೂ ಅನ್ನದೆ ತಮ್ಮ ಕೈ ತೆಗೆದರು. ಸಾಲಿನಲ್ಲಿ ಮೇಷ್ಟರು ಏಳನೆಯವರು. ಮುಂದಿದ್ದ ಆರು ಜನ ತಾವಾಗಿಯೇ ಪಕ್ಕಕ್ಕೆ ಸರಿದರು. ಅವರು ನೋಟು ಎಣಿಸಲೂ ಇಲ್ಲ, ಮಡಚಿ ಒಳಜೇಬಿಗೆ ಹಾಕಿಕೊಂಡು ಬಸ್‌ಸ್ಟಾಂಡಿನ ಕಡೆ ಓಡುನಡಿಗೆಯಲ್ಲಿ ಹೋದರು.

ಸಂಜೆ ಊರಿನ ಮೆಕ್ಯಾನಿಕ್‌ಗೆ ನನ್ನ ಸಾಹಸವನ್ನೆಲ್ಲ ವರ್ಣಿಸಿದೆ. ಪೂರ್ತಿ ಕೇಳಿ ನಕ್ಕ. “ಸ್ವಾಮಿ, ಜಾವಾದಲ್ಲಿ ಗೇರ್ ಪೆಡಲ್ ಒತ್ತಿದರೆ ಅದೇ ಒಳಗೆ ಕ್ಲಚ್ ಬಿಡಿಸ್ತದೆ. ಒತ್ತಿ ಹಿಡಿದು, ಆಕ್ಸಿಲೇಟರ್ ಕೊಟ್ಟು, ಕಾಲು ಮೆಲ್ಲಗೆ ಬಿಟ್ಟಿದ್ದರೆ ನಿಂತ ಜಾಗದಿಂದಲೇ ಹೊರಡ್ತಿತ್ತು. ಓಡಿದ್ಯಾಕೆ?” ಒದೆಯುವ ಕಿಕ್ಕರೂ ಗೇರಿನ ಪೆಡಲೂ ಒಂದೇ ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಬೆಣ್ಣೆಯಂತೆ ಗೇರು ಬಿದ್ದದ್ದು ಯಾರ ಜಾಣತನವೆಂದು ಆಗ ತಿಳಿಯಿತು.

ಹೊಸ ಹಿಡಿ ಹಾಕಿದವನು ಅದರ ಬುಡದ ಸ್ಕ್ರೂವನ್ನು ತೀರಾ ಬಿಗಿ ಮಾಡಲಿಲ್ಲ. ಬೈಕು ಬಿದ್ದರೆ ಹಿಡಿ ತಿರುಗಿಕೊಳ್ಳುತ್ತದೆ, ಮುರಿಯುವುದಿಲ್ಲವಂತೆ. ತುದಿಯ ಗುಂಡು ಚಂದಕ್ಕಲ್ಲ, ಬಿದ್ದಾಗ ಮೈಗೆ ಚುಚ್ಚದಿರಲಿ ಎಂದು, ಅದನ್ನೂ ಅವನೇ ಹೇಳಿದ.

ಈಗಿನ ಅನೇಕ ಬೈಕುಗಳಲ್ಲಿ ಕ್ಲಚ್ ಹಿಡಿಯ ಬುಡದಲ್ಲೊಂದು ಪುಟ್ಟ ಸ್ವಿಚ್ಚಿರುತ್ತದೆ. ಗೇರಿನಲ್ಲಿದ್ದಾಗ ಹಿಡಿ ಎಳೆಯದೆ ಬಟನ್ ಒತ್ತಿದರೆ ಎಂಜಿನ್ ಶುರುವಾಗುವುದಿಲ್ಲ. ಓಡಿ ಹಾರುವ ನನ್ನ ವಿದ್ಯೆಯನ್ನಂತೂ ಯಾರೂ ಕಲಿಯಬೇಡಿ. ಖಾಲಿ ರಸ್ತೆ, ಮೂವತ್ತರ ಮೊಣಕಾಲು ಎರಡೂ ಇದ್ದವು, ನಡೆಯಿತು.

ಮೊಮ್ಮಗ ತುಂಡನ್ನು ಗುಜರಿಗೆ ಹಾಕಲಿಲ್ಲ. ಪೂಜೆಯ ದಿನ ನೋಡುತ್ತೇನೆ, ಸ್ಪ್ಯಾನರುಗಳ ಸಾಲಿನಲ್ಲಿ ಅದಕ್ಕೂ ಒಂದು ಬೊಟ್ಟು ಕುಂಕುಮ, ಒಂದು ಸೇವಂತಿಗೆ.